ಹಳೇ ಕಾರಿಗೆ ವಾಟ್ಸ್ಆಪ್ ಮದ್ದು: ಮನೆಯಲ್ಲೇ ಎಂಜಿನ್ ಟ್ಯೂನ್ ಮಾಡುವವರು ತಿಳಿಯಬೇಕಾದ ನಿಜ, ಅರೆನಿಜ ಮತ್ತು ಅಪಾಯ

"ಪೆಟ್ರೋಲ್ ಟ್ಯಾಂಕಿಗೆ ಎರಡು ನುಸಿಗುಳಿಗೆ ಹಾಕಿ, ಮೈಲೇಜ್ ಎಷ್ಟು ಏರುತ್ತೆ ನೋಡಿ." "ಹೊಸ ಪೆಟ್ರೋಲ್‌ನಲ್ಲಿ ನೀರು ಬೆರೆಸಿದ್ದಾರೆ, ಈ ವಿಡಿಯೊ ಸಾಕ್ಷಿ." "15 ವರ್ಷ ದಾಟಿದ ಗಾಡಿಗಳನ್ನೆಲ್ಲ ಸರ್ಕಾರ ಕಿತ್ತುಕೊಳ್ಳುತ್ತೆ." ಹಳೇ ಕಾರೋ ಜೀಪೋ ಇರುವ ಮನೆಯವರ ಫೋನಿಗೆ ಇಂಥ ಸಂದೇಶಗಳು ಒಂದಲ್ಲ ಒಂದು ಗ್ರೂಪಿನಿಂದ ಬಂದೇ ಬರುತ್ತವೆ. ಕಳಿಸಿದವರು ಒಳ್ಳೆಯದಾಗಲಿ ಎಂದೇ ಕಳಿಸಿರುತ್ತಾರೆ. ಕೆಳಗೆ ಒಬ್ಬರು "ಏನೂ ಆಗಕಿಲ್ಲ ಕಣಣ್ಣ, ನಮ್ ಗಾಡೀಗೂ ಹಿಂಗೇ ಮಾಡೋದು" ಎಂದು ಬರೆದರೆ ಮುಗಿಯಿತು, ಆ ಸಂದೇಶ ಮತ್ತೆ ಹತ್ತು ಗ್ರೂಪಿಗೆ ಹೋಗುತ್ತದೆ.

ಚಿನಕುರಳಿ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದಂಥ ಊರುಗಳಲ್ಲಿ ಈ ಸಂದೇಶಗಳಿಗೆ ಬೆಲೆ ಹೆಚ್ಚು. ಅದಕ್ಕೆ ಕಾರಣವೂ ಇದೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಪೆಟ್ರೋಲ್ ಜೀಪು, ಕಾರ್ಬೋರೇಟರ್ ಇರುವ ಮಾರುತಿ 800 ಇವುಗಳಿಗೆ ಈಗ ಶೋರೂಮ್ ಎಂಬುದೇ ಇಲ್ಲ. ಪದ್ಮಿನಿ ತಯಾರಿಕೆ ನಿಂತು ಎರಡು ದಶಕ ಕಳೆಯಿತು. ಅಂಬಾಸಿಡರ್ ಮತ್ತು ಮಾರುತಿ 800 ಎರಡೂ 2014ರಲ್ಲಿ ನಿಂತವು. ಡೆಲ್ಕೊ ಬಿಚ್ಚಿ ಪಾಯಿಂಟ್ ಇಡಲು ಬಲ್ಲ ಮೇಸ್ತ್ರಿಗಳು ಕಡಿಮೆಯಾಗುತ್ತಿದ್ದಾರೆ. ಹಾಗಾಗಿ ಮನೆಯವರೇ ಸ್ಪ್ಯಾನರ್ ಹಿಡಿಯುತ್ತಾರೆ, ಗೊತ್ತಾಗದಿದ್ದರೆ ಫೋನ್ ನೋಡುತ್ತಾರೆ.

ಮನೆಯಲ್ಲೇ ಎಂಜಿನ್ ನೋಡಿಕೊಳ್ಳುವುದು ತಪ್ಪಲ್ಲ. ಹಳೇ ಎಂಜಿನ್ನುಗಳು ಅದಕ್ಕೆ ಒಗ್ಗುವಂತೆಯೇ ತಯಾರಾದವು. ಆದರೆ ಕೆಲವು ಸಲಹೆಗಳು ಎಂಜಿನ್ ಕೆಡಿಸುತ್ತವೆ, ಕೆಲವು ಜೀವವನ್ನೇ ತೆಗೆಯುತ್ತವೆ. ಎರಡನ್ನೂ ಬಿಡಿಸಿ ನೋಡೋಣ.

ಮೊದಲ ಪ್ರಶ್ನೆ: ಯಾವ ಎಂಜಿನ್ನಿಗೆ ಹೇಳಿದ ಮಾತು?

ಯೂಟ್ಯೂಬ್‌ನಲ್ಲಿ "ಹಳೇ ಎಂಜಿನ್ ಟ್ಯೂನಿಂಗ್" ಎಂದು ಹುಡುಕಿದರೆ ಬರುವ ವಿಡಿಯೊಗಳಲ್ಲಿ ಹೆಚ್ಚಿನವು ಅಮೆರಿಕದವು. ಅಲ್ಲಿ "ಬಿಗ್ ಬ್ಲಾಕ್" ಎಂದರೆ 8 ಸಿಲಿಂಡರಿನ ದೈತ್ಯ ಎಂಜಿನ್. ಷೆವರ್ಲೆಯ ಹೆಸರಾಂತ ಬಿಗ್ ಬ್ಲಾಕ್ ಒಂದರ ಅಳತೆ 454 ಘನ ಇಂಚು, ಅಂದರೆ ಸುಮಾರು 7.4 ಲೀಟರ್. ನಮ್ಮ ಅಂಬಾಸಿಡರ್‌ನ ಪೆಟ್ರೋಲ್ ಎಂಜಿನ್ 1489 ಸಿಸಿ, ಅಂದರೆ ಒಂದೂವರೆ ಲೀಟರ್. ಅಂಥ ಐದು ಎಂಜಿನ್ ಸೇರಿದರೆ ಆ ಒಂದು ಎಂಜಿನ್. ಹಳೆಯ ವಿಲ್ಲಿಸ್ ಮಾದರಿ ಪೆಟ್ರೋಲ್ ಜೀಪಿನದು 2199 ಸಿಸಿ. ನಮ್ಮ ಕಡೆ ಮನೆ ಮುಂದೆ ನಿಲ್ಲುವ ಹಳೇ ಗಾಡಿಗಳಲ್ಲಿ "ದೊಡ್ಡ ಎಂಜಿನ್" ಎಂದರೆ ಅದೇ.

ವ್ಯತ್ಯಾಸ ಗಾತ್ರದ್ದಷ್ಟೇ ಅಲ್ಲ. ಬಹುತೇಕ ಅಮೆರಿಕನ್ ಬಿಗ್ ಬ್ಲಾಕ್‌ಗಳಲ್ಲಿ ಟ್ಯಾಪೆಟ್ ಹೈಡ್ರಾಲಿಕ್. ಆಯಿಲ್ ಒತ್ತಡದಿಂದ ತಾನೇ ಸಡಿಲ ಸರಿಪಡಿಸಿಕೊಳ್ಳುತ್ತದೆ. ಅದಕ್ಕೆ ಆ ವಿಡಿಯೊಗಳಲ್ಲಿ "ಸಡಿಲ ಪೂರ್ತಿ ಹೋಗುವವರೆಗೆ ತಿರುಗಿಸಿ, ಆಮೇಲೆ ಇನ್ನೂ ಅರ್ಧ ಸುತ್ತು ಬಿಗಿ ಮಾಡಿ" ಎನ್ನುತ್ತಾರೆ. ಅಲ್ಲಿ ಅದು ಸರಿ. ಅಂಬಾಸಿಡರ್‌ನದು ಗಟ್ಟಿ ಟ್ಯಾಪೆಟ್. ಅಲ್ಲಿ ಸುಮಾರು 0.38 ಮಿ.ಮೀ. ಗ್ಯಾಪ್ ಇರಲೇಬೇಕು. ಆ ವಿಡಿಯೊ ನೋಡಿ ಬಿಗಿ ಮಾಡಿದರೆ ವಾಲ್ವ್ ಪೂರ್ತಿ ಮುಚ್ಚುವುದೇ ಇಲ್ಲ. ಕಂಪ್ರೆಷನ್ ಸೋರುತ್ತದೆ, ಸುಡುವ ಹೊಗೆ ಆ ಸಂದಿಯಿಂದಲೇ ನುಗ್ಗಿ ಎಕ್ಸಾಸ್ಟ್ ವಾಲ್ವ್‌ನ ಅಂಚು ಸುಟ್ಟುಹೋಗುತ್ತದೆ. ಆಮೇಲೆ ಹೆಡ್ ಇಳಿಸದೆ ದಾರಿಯಿಲ್ಲ.

ಈ ಒಂದು ಉದಾಹರಣೆ ಉಳಿದ ಫಾರ್ವರ್ಡ್‌ಗಳಿಗೂ ಬೀಗದ ಕೈ. ಎಂಜಿನ್ ಬಗ್ಗೆ ಹರಿದಾಡುವ ಎಷ್ಟೋ ತಪ್ಪು ಸಲಹೆಗಳು ಬೇರೆ ಯಾವುದೋ ಯಂತ್ರಕ್ಕೆ, ಬೇರೆ ಯಾವುದೋ ಕಾಲಕ್ಕೆ ಸರಿಯಾಗಿದ್ದವು. ಸಂದೇಶ ಕೈ ಬದಲಾಗುವಾಗ ಯಂತ್ರದ ಹೆಸರು ಉದುರಿಹೋಗಿ ಸಲಹೆ ಮಾತ್ರ ಉಳಿದಿದೆ.

"ಕಾರ್ಬೋರೇಟರ್ ಸ್ಕ್ರೂ ತಿರುಗಿಸಿದರೆ ಎಲ್ಲ ಸರಿ": ಕ್ರಮವೇ ಉಲ್ಟಾ

ಎಂಜಿನ್ ಸ್ವಲ್ಪ ನಡುಗಿದರೂ ಮೊದಲು ಕೈ ಹೋಗುವುದು ಕಾರ್ಬೋರೇಟರ್‌ಗೆ. ಅದು ಕೊನೆಗೆ ಮುಟ್ಟಬೇಕಾದ ಭಾಗ. ಕ್ರಮ ಹೀಗಿರಲಿ:

1. ಟ್ಯಾಪೆಟ್ ಗ್ಯಾಪ್. ವಾಲ್ವ್ ಸರಿಯಾಗಿ ಮುಚ್ಚದಿದ್ದರೆ ಮುಂದಿನ ಯಾವ ಕೆಲಸಕ್ಕೂ ಅರ್ಥವಿಲ್ಲ. ಎಂಜಿನ್ ತಣ್ಣಗಿರುವಾಗ ನೋಡಬೇಕೋ ಬಿಸಿ ಇರುವಾಗಲೋ ಎಂಬುದನ್ನು ಆ ಗಾಡಿಯ ಮ್ಯಾನ್ಯುಯಲ್‌ನಲ್ಲೇ ನೋಡಿ.

2. ಪ್ಲಗ್. ಬಿಚ್ಚಿ ಬಣ್ಣ ನೋಡಿ. ತಿಳಿ ಕಂದು ಬಣ್ಣ ಇದ್ದರೆ ಎಂಜಿನ್ ಆರೋಗ್ಯವಾಗಿದೆ. ಒಣ ಮಸಿ ಕಟ್ಟಿದ್ದರೆ ಪೆಟ್ರೋಲ್ ಹೆಚ್ಚಾಗಿದೆ. ಬೆಳ್ಳಗಿದ್ದರೆ ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚು. ಎಣ್ಣೆಯಲ್ಲಿ ಒದ್ದೆಯಾಗಿದ್ದರೆ ರಿಂಗ್ ಅಥವಾ ವಾಲ್ವ್ ಗೈಡ್ ಸವೆದಿರಬಹುದು.

3. ಡೆಲ್ಕೊ ಒಳಗಿನ ಪಾಯಿಂಟ್. ಅಂಬಾಸಿಡರ್‌ನ ಈ ಎಂಜಿನ್ನಿಗೆ ಸುಮಾರು 0.35ರಿಂದ 0.40 ಮಿ.ಮೀ. ಗ್ಯಾಪ್. ಅಂದಾಜಿಗೆ ಬ್ಲೇಡ್ ತುಂಡು ಇಡಬೇಡಿ, ಫೀಲರ್ ಗೇಜ್ ಕೊಳ್ಳಿ. ಮನೆಯಲ್ಲಿ ಎಂಜಿನ್ ನೋಡಿಕೊಳ್ಳುವವರಿಗೆ ಇಷ್ಟು ಕಡಿಮೆ ದುಡ್ಡಿನಲ್ಲಿ ಇಷ್ಟು ಕೆಲಸಕ್ಕೆ ಬರುವ ಸಾಮಾನು ಇನ್ನೊಂದಿಲ್ಲ.

4. ಟೈಮಿಂಗ್. ಇದು ಪಾಯಿಂಟ್ ಆದ ಮೇಲೆಯೇ ಏಕೆಂದರೆ, ಪಾಯಿಂಟ್ ಗ್ಯಾಪ್ ಬದಲಾದರೆ ಟೈಮಿಂಗ್ ತಾನಾಗಿ ಬದಲಾಗುತ್ತದೆ. ಮೊದಲು ಟೈಮಿಂಗ್ ಇಟ್ಟು ಆಮೇಲೆ ಪಾಯಿಂಟ್ ಮುಟ್ಟಿದರೆ ಮಾಡಿದ ಕೆಲಸ ನೀರಿನಲ್ಲಿ ಹೋಮ. ಪ್ಲಗ್ ವೈರ್ ಬಿಚ್ಚಿದ್ದರೆ ಅಂಬಾಸಿಡರ್‌ನ ಈ ಎಂಜಿನ್ನಿನ ಫೈರಿಂಗ್ ಆರ್ಡರ್ 1-3-4-2 ಎಂಬುದು ನೆನಪಿರಲಿ.

5. ಎಲ್ಲ ಮುಗಿದ ಮೇಲೆ, ಎಂಜಿನ್ ಬಿಸಿಯಾದಾಗ, ಏರ್ ಫಿಲ್ಟರ್ ಶುಚಿಯಾಗಿದ್ದಾಗ ಕಾರ್ಬೋರೇಟರ್.

ಒಂದು ಸಲಕ್ಕೆ ಒಂದೇ ಭಾಗ ಮುಟ್ಟಿ. ಸ್ಕ್ರೂ ಎಷ್ಟು ಸುತ್ತು ತಿರುಗಿಸಿದಿರಿ ಎಂದು ಬರೆದಿಡಿ, ಬಿಚ್ಚುವ ಮುನ್ನ ಫೋನಿನಲ್ಲಿ ಫೋಟೊ ತೆಗೆಯಿರಿ. ಹಳೇ ಕಾರಿಗೆ ನಿಮ್ಮ ಫೋನ್ ನಿಜವಾಗಿ ಉಪಕಾರ ಮಾಡುವುದು ಇಲ್ಲೇ.

"ಇ20 ಪೆಟ್ರೋಲ್ ಅಂದರೆ ನೀರು ಬೆರೆಸಿದ ಪೆಟ್ರೋಲ್": ತಪ್ಪು, ಆದರೆ ನೀರಿನ ತೊಂದರೆ ನಿಜ

ಒಂದು ಬಗೆಯ ವಿಡಿಯೊ ನೀವೂ ನೋಡಿರಬಹುದು. ಬಾಟಲಿಯಲ್ಲಿ ಪೆಟ್ರೋಲ್, ಅದಕ್ಕೆ ಸ್ವಲ್ಪ ನೀರು ಹಾಕಿ ಕುಲುಕುತ್ತಾರೆ. ಕೆಳಗಡೆ ಹಾಕಿದ್ದಕ್ಕಿಂತ ಹೆಚ್ಚು "ನೀರು" ನಿಲ್ಲುತ್ತದೆ. "ನೋಡಿ, ಬಂಕ್‌ನವರು ನೀರು ಬೆರೆಸಿದ್ದಾರೆ" ಎಂಬುದು ತೀರ್ಪು.

ಅಲ್ಲಿ ನಡೆದದ್ದು ಬೇರೆ. ಇ20ಯಲ್ಲಿ 100ಕ್ಕೆ 20 ಭಾಗ ಎಥನಾಲ್. ಎಥನಾಲ್‌ಗೆ ಪೆಟ್ರೋಲ್‌ಗಿಂತ ನೀರಿನ ಮೇಲೆ ಪ್ರೀತಿ ಹೆಚ್ಚು. ನೀರು ಸಿಕ್ಕ ತಕ್ಷಣ ಪೆಟ್ರೋಲ್ ಬಿಟ್ಟು ನೀರಿನ ಜೊತೆ ಕೆಳಗಿಳಿಯುತ್ತದೆ. 80 ಮಿ.ಲೀ. ಇ20ಯಲ್ಲಿ 16 ಮಿ.ಲೀ. ಎಥನಾಲ್ ಇರುತ್ತದೆ. ಅದಕ್ಕೆ 20 ಮಿ.ಲೀ. ನೀರು ಹಾಕಿದರೆ ಕೆಳಗೆ ಸುಮಾರು 35 ಮಿ.ಲೀ. ನಿಲ್ಲುತ್ತದೆ. ಹೆಚ್ಚಾಗಿ ಕಂಡದ್ದು ಎಥನಾಲ್. ಕದ್ದು ಬೆರೆಸಿದ ನೀರಲ್ಲ.

"ಕಬ್ಬಿನಿಂದ ಮಾಡುತ್ತಾರೆ, ಹಾಗಾಗಿ ಎಂಜಿನ್ನಿನಲ್ಲಿ ಸಕ್ಕರೆ ಅಂಟುತ್ತೆ" ಎಂಬ ಮಾತೂ ಇದೆ. ಆಲೆಮನೆ ನೋಡಿ ಬೆಳೆದ ಮಂಡ್ಯ ಜಿಲ್ಲೆಯವರಿಗೆ ಇದು ನಂಬುವ ಹಾಗೆಯೇ ಕೇಳಿಸುತ್ತದೆ. ಆಲೆಮನೆಯಲ್ಲಿ ಹಾಲು ಕಾಯಿಸಿ ನೀರು ಹಾರಿಸುತ್ತಾರೆ, ಸಕ್ಕರೆ ಅಂಶ ಕೊಪ್ಪರಿಗೆಯಲ್ಲಿ ಉಳಿದು ಬೆಲ್ಲವಾಗುತ್ತದೆ. ಡಿಸ್ಟಿಲರಿಯಲ್ಲಿ ಲೆಕ್ಕ ತಿರುಗಾಮುರುಗ: ಸಕ್ಕರೆಯನ್ನು ಯೀಸ್ಟ್ ತಿಂದು ಎಥನಾಲ್ ಮಾಡುತ್ತದೆ, ಆ ಎಥನಾಲನ್ನು ಆವಿಯಾಗಿಸಿ ಹಿಡಿಯುತ್ತಾರೆ. ಉಳಿದ ಸಿಹಿ ಹಿಂದೆಯೇ ಉಳಿಯುತ್ತದೆ. ಅಲ್ಲದೆ ಈಗ ದೇಶದ ಎಥನಾಲ್‌ನಲ್ಲಿ ದೊಡ್ಡ ಪಾಲು ಮೆಕ್ಕೆಜೋಳ, ಅಕ್ಕಿಯಿಂದ ಬರುತ್ತಿದೆ. ಪೆಟ್ರೋಲ್‌ಗೆ ಆಲ್ಕೋಹಾಲ್ ಬೆರೆಸುವ ಯೋಚನೆ ಹೊಸದೂ ಅಲ್ಲ. ನಮ್ಮ ದೇಶದಲ್ಲಿ 1948ರಲ್ಲೇ ಪವರ್ ಆಲ್ಕೋಹಾಲ್ ಕಾಯ್ದೆ ಬಂದಿತ್ತು.

ಹಾಗಾದರೆ ಹಳೇ ಕಾರಿಗೆ ಏನೂ ತೊಂದರೆ ಇಲ್ಲವೇ? ಇದೆ. ಇ20 ಮಾರಾಟಕ್ಕೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. 2025ರ ಹೊತ್ತಿಗೆ ದೇಶದೆಲ್ಲೆಡೆ ಅದೇ ಸಾಮಾನ್ಯ ಪೆಟ್ರೋಲ್ ಆಯಿತು. ಹಳೇ ಪೆಟ್ರೋಲ್ ಉಳಿಸಿಕೊಡಿ ಎಂದು ಸುಪ್ರೀಂ ಕೋರ್ಟಿಗೆ ಹೋದ ಅರ್ಜಿ 2025ರ ಸೆಪ್ಟೆಂಬರ್ 1ರಂದು ವಜಾ ಆಯಿತು. ಅಂದರೆ ಹಳೇ ಗಾಡಿಯವರು ಇದರ ಜೊತೆಗೇ ಬಾಳಬೇಕು. ತಿಳಿಯಬೇಕಾದ ನಾಲ್ಕು ಸಂಗತಿ ಇವು.

ಮೈಲೇಜ್: ಒಂದು ಲೀಟರ್ ಎಥನಾಲ್‌ನಲ್ಲಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಶಕ್ತಿ. 20 ಭಾಗಕ್ಕೆ ಲೆಕ್ಕ ಹಾಕಿದರೆ ಶೇ. 6ರಿಂದ 7 ಇಳಿಕೆ. ಎಥನಾಲ್ ಇಲ್ಲದ ಪೆಟ್ರೋಲ್‌ಗೆಂದು ವಿನ್ಯಾಸವಾದ ನಾಲ್ಕು ಚಕ್ರದ ವಾಹನಗಳಿಗೆ ನೀತಿ ಆಯೋಗದ 2021ರ ವರದಿ ಹೇಳಿದ ಅಂದಾಜೂ ಅದೇ. ಲೀಟರಿಗೆ 10 ಕಿ.ಮೀ. ಕೊಡುತ್ತಿದ್ದ ಕಾರು 9.3ಕ್ಕೆ ಇಳಿಯಬಹುದು. "ಅರ್ಧಕ್ಕರ್ಧ ಇಳಿಯಿತು" ಎನ್ನುವವರ ಗಾಡಿಯಲ್ಲಿ ಬೇರೇನೋ ಕೆಟ್ಟಿದೆ, ಅದನ್ನು ಹುಡುಕಬೇಕು.

ಮಿಶ್ರಣ: 1 ಕಿಲೊ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೊ ಗಾಳಿ ಬೇಕು, ಎಥನಾಲ್‌ಗೆ 9 ಕಿಲೊ ಸಾಕು. ಇ20ಗೆ ಲೆಕ್ಕ ಹಾಕಿದರೆ ಸುಮಾರು 13.5. ಹೊಸ ಕಾರುಗಳು ಸೆನ್ಸರ್‌ನಿಂದ ಇದನ್ನು ತಿಳಿದು ಸರಿಪಡಿಸಿಕೊಳ್ಳುತ್ತವೆ. ಕಾರ್ಬೋರೇಟರ್‌ಗೆ ಕಣ್ಣಿಲ್ಲ. ಅದು ಹಳೇ ಲೆಕ್ಕದಲ್ಲೇ ಗಾಳಿ ಬಿಡುತ್ತದೆ. ಮಿಶ್ರಣ ತೆಳುವಾಗಿ, ಬೆಳಿಗ್ಗೆ ಸ್ಟಾರ್ಟ್ ಆಗುವುದು ಕಷ್ಟ, ಆಕ್ಸಿಲರೇಟರ್ ಒತ್ತಿದಾಗ ತಡವರಿಕೆ, ಪ್ಲಗ್ ಬೆಳ್ಳಗಾಗುವುದು ಎಲ್ಲ ಕಾಣಿಸುತ್ತದೆ. ಪರಿಹಾರ ಇದೆ: ಬಲ್ಲ ಮೇಸ್ತ್ರಿಯಿಂದ ಮಿಶ್ರಣ ಹೊಂದಿಸುವುದು, ಬೇಕಿದ್ದರೆ ಒಂದು ಅಳತೆ ದೊಡ್ಡ ಮೇನ್ ಜೆಟ್ ಹಾಕಿಸುವುದು.

ನೀರು: ನಿಂತ ಗಾಡಿಯ ಅರ್ಧ ಖಾಲಿ ಟ್ಯಾಂಕಿನೊಳಗೆ ಮಳೆಗಾಲದ ತೇವ ಸೇರುತ್ತದೆ, ಎಥನಾಲ್ ಅದನ್ನು ಹೀರುತ್ತದೆ. ಮಿತಿ ಮೀರಿದಾಗ ನೀರು ಮತ್ತು ಎಥನಾಲ್ ತಳಕ್ಕೆ ಇಳಿದು ಟ್ಯಾಂಕ್, ಕಾರ್ಬೋರೇಟರ್ ಬಟ್ಟಲು ತುಕ್ಕು ಹಿಡಿಯುತ್ತವೆ. ಹಬ್ಬಕ್ಕೊಮ್ಮೆ ಮಾತ್ರ ತೆಗೆಯುವ ಕಾರಿಗೆ ಇದು ದೊಡ್ಡ ಶತ್ರು. ತಿಂಗಳಿಗೆ ಒಂದೆರಡು ಸಲವಾದರೂ ಓಡಿಸಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಕಾರ್ಬೋರೇಟರ್ ಬಟ್ಟಲನ್ನು ಖಾಲಿ ಮಾಡಿ.

ರಬ್ಬರ್: ಇದು ಅತಿ ಮುಖ್ಯ. ಹಳೇ ಕಾಲದ ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಮ್, ಗ್ಯಾಸ್ಕೆಟ್‌ಗಳು ಎಥನಾಲ್‌ಗೆ ಉಬ್ಬಿ, ಆಮೇಲೆ ಬಿರುಕು ಬಿಡುತ್ತವೆ. ಕೆಲವು ಹಳೇ ವಾಹನಗಳಲ್ಲಿ 20,000ದಿಂದ 30,000 ಕಿ.ಮೀ. ಓಡಿದ ಮೇಲೆ ರಬ್ಬರ್ ಭಾಗ ಬದಲಿಸಬೇಕಾಗಬಹುದು ಎಂದು ಪೆಟ್ರೋಲಿಯಂ ಸಚಿವಾಲಯವೇ 2025ರಲ್ಲಿ ಹೇಳಿತ್ತು. ಅದಕ್ಕೂ ಮೊದಲೇ ಗಟ್ಟಿಯಾಗಿ ಒಣಗಿರುವ ಪೈಪಿಗೆ ಆ ಲೆಕ್ಕ ಹಿಡಿದು ಕೂರಬೇಡಿ. ಅಂಬಾಸಿಡರ್‌ನ ಬಿಎಂಸಿ ಎಂಜಿನ್ನಿನಲ್ಲಿ ಕಾರ್ಬೋರೇಟರ್ ಮತ್ತು ಎಕ್ಸಾಸ್ಟ್ ಮ್ಯಾನಿಫೋಲ್ಡ್ ಎರಡೂ ಒಂದೇ ಪಕ್ಕದಲ್ಲಿವೆ, ಒಂದರ ಮೇಲೊಂದು. ಮೇಲಿನ ಪೈಪು ಸೋರಿದರೆ ಪೆಟ್ರೋಲ್ ಬೀಳುವುದು ಕಾದ ಕಬ್ಬಿಣದ ಮೇಲೆ. ಎಥನಾಲ್ ತಡೆಯುವ ಹೊಸ ಪೈಪು, ಹೊಸ ಕ್ಲಿಪ್ಪು ಹಾಕಿಸುವುದು ಸಣ್ಣ ಖರ್ಚು. ಗಾಡಿಯಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಒಂದಿರಲಿ.

"ನುಸಿಗುಳಿಗೆ, ಸೀಮೆಎಣ್ಣೆ, ಮ್ಯಾಗ್ನೆಟ್": ಮೂರೂ ಬೇಡ

ನುಸಿಗುಳಿಗೆ ಅಂದರೆ ನ್ಯಾಫ್ತಲೀನ್. ಪೆಟ್ರೋಲ್‌ನ ಗುಣಮಟ್ಟ ತೀರ ಕಡಿಮೆಯಿದ್ದ ಕಾಲದಲ್ಲಿ ಹುಟ್ಟಿದ ಉಪಾಯ ಇದು. ಅದರಿಂದ ನಾಕಿಂಗ್ ತುಸು ಕಡಿಮೆಯಾದೀತು ಎಂಬುದು ಆಗಿನ ತರ್ಕ. ಇವತ್ತಿನ ಪೆಟ್ರೋಲ್‌ನ ಆಕ್ಟೇನ್ 91ಕ್ಕಿಂತ ಕಡಿಮೆ ಇಲ್ಲ. ಹಳೇ, ಕಡಿಮೆ ಕಂಪ್ರೆಷನ್ ಎಂಜಿನ್ನಿಗೆ ಅದೇ ಬೇಕಾದಷ್ಟಾಯಿತು. ಗುಳಿಗೆ ಹಾಕಿದರೆ ಪೆಟ್ರೋಲ್ ಆವಿಯಾದ ಜಾಗದಲ್ಲಿ ನ್ಯಾಫ್ತಲೀನ್ ಮತ್ತೆ ಹರಳುಗಟ್ಟಿ ಜೆಟ್ ಕಟ್ಟಿಕೊಳ್ಳುತ್ತದೆ.

ಸೀಮೆಎಣ್ಣೆಯ ಕಥೆ ನಮ್ಮ ಗದ್ದೆಯಿಂದಲೇ ಬಂದದ್ದು. ಪೆಟ್ರೋಲ್‌ನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವ ಸಣ್ಣ ಪಂಪ್‌ಸೆಟ್ ಎಂಜಿನ್‌ಗಳನ್ನು ರೈತರು ಬಲ್ಲರು. "ಪಂಪ್‌ಸೆಟ್ ಓಡುತ್ತೆ, ಕಾರೇಕೆ ಓಡಬಾರದು?" ಎಂಬ ಪ್ರಶ್ನೆ ಸಹಜ. ಆ ಎಂಜಿನ್‌ಗಳನ್ನು ಅದಕ್ಕೆಂದೇ ಕಡಿಮೆ ಕಂಪ್ರೆಷನ್ ಇಟ್ಟು ಮಾಡಿರುತ್ತಾರೆ. ಕಾರಿನ ಎಂಜಿನ್ನಿನಲ್ಲಿ ಸೀಮೆಎಣ್ಣೆ ಸಕಾಲಕ್ಕೆ ಮೊದಲೇ ಸಿಡಿಯುತ್ತದೆ, ಅದೇ ಟಕಟಕ ಎನ್ನುವ ನಾಕಿಂಗ್. ಅದು ಪಿಸ್ಟನ್ನಿಗೆ ಸುತ್ತಿಗೆ ಏಟು. ಉರಿಯದೆ ಉಳಿದದ್ದು ಸಿಲಿಂಡರ್ ಗೋಡೆಯ ಎಣ್ಣೆ ಪದರವನ್ನು ತೊಳೆದು, ರಿಂಗ್ ಸಂದಿಯಿಂದ ಇಳಿದು ಎಂಜಿನ್ ಆಯಿಲನ್ನೇ ತೆಳುಮಾಡುತ್ತದೆ. ಪೆಟ್ರೋಲ್‌ಗೆ ಸೀಮೆಎಣ್ಣೆ ಬೆರೆಸುವುದು ಕಲಬೆರಕೆ ಕೂಡ.

ಪೆಟ್ರೋಲ್ ಪೈಪಿಗೆ ಕಟ್ಟುವ ಮ್ಯಾಗ್ನೆಟ್‌ನಂಥ "ಮೈಲೇಜ್ ಸಾಧನ"ಗಳ ಬಗ್ಗೆ ಒಂದೇ ಮಾತು: ಅಮೆರಿಕದ ಪರಿಸರ ಸಂಸ್ಥೆ ಇಂಥ ನೂರಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿದೆ. ತುಸು ಲಾಭ ಕಂಡದ್ದು ಬೆರಳೆಣಿಕೆಯವುಗಳಲ್ಲಿ ಮಾತ್ರ. ಟೈರಿನ ಗಾಳಿ ಸರಿಯಾಗಿಡುವುದು ಇವಕ್ಕಿಂತ ಅಗ್ಗ.

"ಸೀಸ ಇಲ್ಲದ ಪೆಟ್ರೋಲ್‌ನಿಂದ ಹಳೇ ಎಂಜಿನ್ ಹಾಳು": ಅರೆನಿಜ

ದೇಶದಲ್ಲಿ ಸೀಸ ಬೆರೆಸಿದ ಪೆಟ್ರೋಲ್ 2000ನೇ ಇಸವಿಯ ಫೆಬ್ರುವರಿ 1ರಿಂದ ನಿಂತಿತು. ಮಕ್ಕಳ ಮಿದುಳಿಗೆ ಸೀಸ ವಿಷ. ನಿಂತದ್ದು ಒಳ್ಳೆಯದೇ ಆಯಿತು. ಆದರೆ ಹಳೇ ಎಂಜಿನ್ನಿನ ಮೆತ್ತನೆ ಎಕ್ಸಾಸ್ಟ್ ವಾಲ್ವ್ ಸೀಟ್‌ಗಳಿಗೆ ಸೀಸದ ತೆಳು ಪದರ ರಕ್ಷಣೆಯಾಗಿತ್ತು ಎಂಬುದೂ ನಿಜ. ಹಾಗೆಂದು ಬಾಟಲಿ ಬಾಟಲಿ ರಾಸಾಯನಿಕ ಸುರಿಯಬೇಕಿಲ್ಲ. ಊರಿನೊಳಗೆ ನಿಧಾನವಾಗಿ ಓಡುವ ಗಾಡಿಯಲ್ಲಿ ಸವೆತ ನಿಧಾನ. ಟ್ಯಾಪೆಟ್ ಗ್ಯಾಪ್ ಪದೇಪದೇ ಕಿರಿದಾಗುತ್ತಿದ್ದರೆ ಸೀಟ್ ಸವೆಯುತ್ತಿದೆ ಎಂದರ್ಥ. ಮುಂದೆ ಹೆಡ್ ಬಿಚ್ಚಿದಾಗ ಗಟ್ಟಿ ಸೀಟ್ ಹಾಕಿಸಿದರೆ ಚಿಂತೆ ತೀರಿತು.

"ಥರ್ಮೋಸ್ಟ್ಯಾಟ್ ಕಿತ್ತು ಬಿಸಾಕಿ, ಎಂಜಿನ್ ತಣ್ಣಗಿರುತ್ತೆ": ತಪ್ಪು

ಎಂಜಿನ್ ತೀರ ತಣ್ಣಗಿರುವುದೂ ಕಾಯಿಲೆಯೇ. ಸರಿಯಾದ ಬಿಸಿ ಬಾರದಿದ್ದರೆ ಪೆಟ್ರೋಲ್ ಪೂರ್ತಿ ಆವಿಯಾಗದೆ ಹೆಚ್ಚು ಖರ್ಚಾಗುತ್ತದೆ, ಆಯಿಲ್‌ನಲ್ಲಿ ಸೇರಿದ ನೀರಿನಂಶ ಹಾರಿಹೋಗುವುದಿಲ್ಲ, ಸವೆತ ಹೆಚ್ಚುತ್ತದೆ. ಎಂಜಿನ್ ಕಾಯುತ್ತಿದ್ದರೆ ಕಾರಣ ಬೇರೆ ಕಡೆ ಹುಡುಕಿ: ಬೋರ್‌ವೆಲ್ಲಿನ ಗಡಸು ನೀರು ಹಾಕಿ ಸುಣ್ಣ ಕಟ್ಟಿದ ರೇಡಿಯೇಟರ್, ಸಡಿಲವಾದ ಫ್ಯಾನ್ ಬೆಲ್ಟ್, ತಪ್ಪಿದ ಟೈಮಿಂಗ್, ತೆಳು ಮಿಶ್ರಣ. ಡಿಪ್‌ಸ್ಟಿಕ್ಕಿನ ಆಯಿಲ್ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ. ಬರೀ ಕಪ್ಪಾಗಿದ್ದರೆ ಗಾಬರಿ ಬೇಡ. ಮಸಿಯನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುವುದು ಒಳ್ಳೆಯ ಆಯಿಲ್‌ನ ಕೆಲಸ.

ಕಾದ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ, ಗೋಣಿಚೀಲ ಹಿಡಿದುಕೊಂಡೂ ತೆಗೆಯಬೇಡಿ. ಒತ್ತಡದಲ್ಲಿರುವ ನೀರು 100 ಡಿಗ್ರಿ ದಾಟಿದ್ದರೂ ಕುದಿಯದೆ ಸುಮ್ಮನಿರುತ್ತದೆ. ಮುಚ್ಚಳ ತೆಗೆದ ಕ್ಷಣ ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ.

"ಬೆಳಿಗ್ಗೆ ಶೆಡ್‌ನಲ್ಲೇ 10 ನಿಮಿಷ ಸ್ಟಾರ್ಟ್ ಮಾಡಿಡಿ": ಇದು ಪ್ರಾಣಕ್ಕೆ ಅಪಾಯ

ಈ ಲೇಖನದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ, ಇದನ್ನೇ ಕಳಿಸಿ.

ನಮ್ಮ ಹವೆಗೆ ಕಾರ್ಬೋರೇಟರ್ ಎಂಜಿನ್ನಿಗೂ ಚೋಕ್ ಎಳೆದು ಅರ್ಧದಿಂದ ಒಂದು ನಿಮಿಷ ಸಾಕು. ಆಮೇಲೆ ಮೆಲ್ಲಗೆ ಓಡಿಸಿದರೆ ಎಂಜಿನ್ ಬೇಗ ಬಿಸಿಯಾಗುತ್ತದೆ. ಮುಚ್ಚಿದ ಶೆಡ್‌ನಲ್ಲಿ ಐಡ್ಲಿಂಗ್ ಬಿಟ್ಟರೆ ತುಂಬಿಕೊಳ್ಳುವುದು ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದು ಹಿಡಿದುಕೊಳ್ಳುತ್ತದೆ.

ಹಳೇ ಕಾರುಗಳಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲ. ಭಾರತ್ ಸ್ಟೇಜ್‌ಗೆ ಮುಂಚಿನ ಪೆಟ್ರೋಲ್ ಕಾರಿನ ಹೊಗೆಯಲ್ಲಿ ಐಡ್ಲಿಂಗ್‌ನಲ್ಲಿ ಶೇ. 3ರವರೆಗೆ ಕಾರ್ಬನ್ ಮೊನಾಕ್ಸೈಡ್ ಇದ್ದರೂ ಎಮಿಷನ್ ಟೆಸ್ಟ್ ಪಾಸ್. ಒಂದು ಸಣ್ಣ ಲೆಕ್ಕ ಮಾಡೋಣ. ಒಂದೂವರೆ ಲೀಟರ್ ಎಂಜಿನ್ ಐಡ್ಲಿಂಗ್‌ನಲ್ಲಿ ನಿಮಿಷಕ್ಕೆ ಸುಮಾರು 200 ಲೀಟರ್ ಹೊಗೆ ಬಿಡುತ್ತದೆ ಎಂದುಕೊಳ್ಳಿ. ಅದರಲ್ಲಿ ಶೇ. 3 ಅಂದರೆ 6 ಲೀಟರ್ ವಿಷಾನಿಲ. 5 ಮೀಟರ್ ಉದ್ದ, 3 ಮೀಟರ್ ಅಗಲ, 2.5 ಮೀಟರ್ ಎತ್ತರದ ಮುಚ್ಚಿದ ಶೆಡ್‌ನಲ್ಲಿ 37,500 ಲೀಟರ್ ಗಾಳಿ ಇರುತ್ತದೆ. ನಿಮಿಷಕ್ಕೆ 160 ಪಿಪಿಎಂನಂತೆ ಏರುತ್ತಾ 7–8 ನಿಮಿಷದಲ್ಲಿ 1,200 ಪಿಪಿಎಂ ಮುಟ್ಟುತ್ತದೆ. ಕೆಲಸದ ಜಾಗದ ಸುರಕ್ಷತೆ ನೋಡುವ ಅಮೆರಿಕದ ಸಂಸ್ಥೆ ನಿಯೋಷ್ "ತಕ್ಷಣ ಪ್ರಾಣಾಪಾಯ" ಎಂದು ಗುರುತಿಸಿರುವ ಮಟ್ಟ ಅದು. ಚೋಕ್ ಎಳೆದಿದ್ದರೆ ಇನ್ನೂ ಬೇಗ.

ತಲೆನೋವು, ವಾಕರಿಕೆ, ಮಂಪರು ಬಂದರೆ "ಹೊಟ್ಟೆ ಹಸಿದಿರಬೇಕು" ಎಂದು ಕೂರಬೇಡಿ. ಹೊರಗೆ ಬನ್ನಿ, ಒಳಗಿರುವವರನ್ನು ಹೊರಗೆ ತನ್ನಿ, 108ಕ್ಕೆ ಕರೆ ಮಾಡಿ. ಎಂಜಿನ್ ಓಡಿಸಿ ಟ್ಯೂನ್ ಮಾಡುವ ಕೆಲಸ ಯಾವಾಗಲೂ ಬಯಲಲ್ಲೇ ಆಗಬೇಕು. ಕಿಟಕಿ ಒಂದು ಚೂರು ತೆರೆದಿಟ್ಟರೆ ಸಾಲದು.

"ಪೆಟ್ರೋಲ್ ಬಾಯಿಗೆ ಹೋದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿ": ಖಂಡಿತ ಮಾಡಬೇಡಿ

ಪೈಪ್ ಹಾಕಿ ಬಾಯಲ್ಲಿ ಎಳೆದು ಪೆಟ್ರೋಲ್ ತೆಗೆಯುವುದು ಹಳೇ ಅಭ್ಯಾಸ. ಹೊಟ್ಟೆಗೆ ಹೋದ ಒಂದು ಗುಟುಕಿಗಿಂತ ಶ್ವಾಸಕೋಶಕ್ಕೆ ಹೋದ ಕೆಲವೇ ಹನಿ ಹೆಚ್ಚು ಅಪಾಯ. ತೆಳು ದ್ರವವಾದ್ದರಿಂದ ಅದು ಬೇಗ ಹರಡಿ ತೀವ್ರ ನ್ಯುಮೋನಿಯಾ ತರಬಲ್ಲದು. ವಾಂತಿ ಮಾಡಿಸಿದರೆ ಹೊಟ್ಟೆಯಲ್ಲಿದ್ದದ್ದು ಮೇಲೆ ಬರುವಾಗ ಮತ್ತೆ ಶ್ವಾಸಕೋಶಕ್ಕೆ ಇಳಿಯುವ ಅವಕಾಶ ಕೊಟ್ಟಂತೆ. ಬಾಯಿ ಮುಕ್ಕಳಿಸಿ, ಪೆಟ್ರೋಲ್ ತಾಗಿದ ಬಟ್ಟೆ ತೆಗೆದು, ಕೆಮ್ಮು ಅಥವಾ ಉಸಿರಾಟದ ತೊಂದರೆ ಇದ್ದರೆ ಕೂಡಲೇ ಆಸ್ಪತ್ರೆಗೆ ಹೋಗಿ. ತೊಂದರೆ ಕೆಲವು ಗಂಟೆ ತಡವಾಗಿಯೂ ಕಾಣಿಸಬಹುದು. ಕೈಪಂಪು ಇರುವ ಪೈಪು ಅಗ್ಗಕ್ಕೆ ಸಿಗುತ್ತದೆ. ಅದನ್ನು ಬಳಸಿ.

ಇದೇ ಸಾಲಿನ ಇನ್ನೆರಡು ಅಭ್ಯಾಸಗಳು. ಹಳೇ ಬ್ರೇಕ್ ಶೂ ಮತ್ತು ಗ್ಯಾಸ್ಕೆಟ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಆ ಧೂಳನ್ನು ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಬಳಸಿದ ಎಂಜಿನ್ ಆಯಿಲ್‌ನಲ್ಲಿ ಕ್ಯಾನ್ಸರ್ ತರಬಲ್ಲ ಅಂಶಗಳಿರುತ್ತವೆ. ಅದನ್ನು ದನದ ಗಾಯಕ್ಕೆ ಹಚ್ಚುವುದು ಮದ್ದಲ್ಲ, ದನ ಅದನ್ನು ನೆಕ್ಕುತ್ತದೆ. ನಾಲೆಗೆ, ಚರಂಡಿಗೆ ಸುರಿದರೆ ಅದೇ ನೀರು ಮುಂದಿನ ಊರಿನ ಗದ್ದೆಗೆ ಹೋಗುತ್ತದೆ. ಕ್ಯಾನಿಗೆ ತುಂಬಿ ಹಳೇ ಆಯಿಲ್ ಕೊಳ್ಳುವ ಗ್ಯಾರೇಜಿಗೆ ಕೊಡಿ.

"ಬೇಸಿಗೆಯಲ್ಲಿ ಟ್ಯಾಂಕ್ ತುಂಬಿಸಿದರೆ ಸ್ಫೋಟ", "15 ವರ್ಷದ ಗಾಡಿ ಜಪ್ತಿ": ಎರಡೂ ದಾರಿ ತಪ್ಪಿಸುತ್ತವೆ

ಮೊದಲನೆಯದು ಇಂಡಿಯನ್ ಆಯಿಲ್ ಹೆಸರಿನಲ್ಲಿ ಪ್ರತಿ ಬೇಸಿಗೆಯಲ್ಲೂ ಹಬ್ಬದಂತೆ ತಿರುಗಿ ಬರುತ್ತದೆ. ಅದು ತನ್ನ ಹೇಳಿಕೆ ಅಲ್ಲ ಎಂದು ಆ ಕಂಪನಿಯೇ ಹಲವು ಬಾರಿ ಸ್ಪಷ್ಟಪಡಿಸಿದೆ. ತಯಾರಕರು ಹೇಳಿದ ಮಿತಿಯವರೆಗೆ ತುಂಬಿಸಬಹುದು. ಎಥನಾಲ್ ಇರುವ ಪೆಟ್ರೋಲ್‌ಗೆ ಟ್ಯಾಂಕಿನಲ್ಲಿ ಖಾಲಿ ಜಾಗ ಕಡಿಮೆ ಇದ್ದಷ್ಟೂ ತೇವ ಸೇರುವುದು ಕಡಿಮೆ.

ಎರಡನೆಯದು ದೆಹಲಿ ಸುತ್ತಮುತ್ತಲ ಪ್ರದೇಶದ ಆದೇಶಗಳನ್ನು ಇಡೀ ದೇಶಕ್ಕೆ ಹಚ್ಚಿದ ಸಂದೇಶ. ಕರ್ನಾಟಕದಲ್ಲಿ ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿದ ಮೇಲೆ ಆರ್‌ಟಿಒದಲ್ಲಿ ಗಾಡಿ ತೋರಿಸಿ, 5 ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳಬಹುದು. ಶುಲ್ಕ ಏರಿದೆ ಎಂಬುದು ನಿಜ: 20 ವರ್ಷ ದಾಟಿದ ಕಾರಿಗೆ ಕೇಂದ್ರ ಸರ್ಕಾರ 2025ರ ಆಗಸ್ಟ್‌ನಲ್ಲಿ ಅದನ್ನು 10,000 ರೂಪಾಯಿ ಮಾಡಿತು. 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಕಾರಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿಯೂ ಇದೆ. ಆದರೆ ಅಂಥ ಕಾರನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಜಪ್ತಿಯ ಹೆದರಿಕೆಯಿಂದ ಗಾಡಿಯನ್ನು ಗುಜರಿಗೆ ಅಗ್ಗಕ್ಕೆ ಕೊಡುವ ಮುನ್ನ ಆರ್‌ಟಿಒದಲ್ಲಿ ಒಮ್ಮೆ ವಿಚಾರಿಸಿ.

ಫಾರ್ವರ್ಡ್ ಮಾಡುವ ಮುನ್ನ ನಾಲ್ಕು ಪ್ರಶ್ನೆ

1. ಇದು ಯಾವ ಎಂಜಿನ್ನಿಗೆ, ಯಾವ ಮಾಡೆಲ್‌ಗೆ ಹೇಳಿದ್ದು? ಹೆಸರೇ ಇಲ್ಲದಿದ್ದರೆ ನಿಮ್ಮ ಗಾಡಿಗೆ ಹೇಳಿದ್ದಲ್ಲ.

2. ಅಳತೆ ಇದೆಯೇ? "ಸ್ವಲ್ಪ ಹಾಕಿ", "ಚೆನ್ನಾಗಿ ಬಿಗಿ ಮಾಡಿ" ಎಂಬುದು ಎಂಜಿನ್ ಭಾಷೆಯಲ್ಲ. ಮಿಲಿಮೀಟರ್, ಡಿಗ್ರಿ, ಲೀಟರ್ ಇರಬೇಕು.

3. ತಪ್ಪಾದರೆ ಏನಾಗುತ್ತದೆ? ಪ್ಲಗ್ ಗ್ಯಾಪ್ ತಪ್ಪಿದರೆ ಮತ್ತೆ ಸರಿಪಡಿಸಬಹುದು. ಮುಚ್ಚಿದ ಶೆಡ್, ಬಾಯಲ್ಲಿ ಎಳೆದ ಪೆಟ್ರೋಲ್, ಸೋರುವ ಪೈಪು ಎರಡನೇ ಅವಕಾಶ ಕೊಡದಿರಬಹುದು.

4. ಕಳಿಸಿದವರು ಮಾಡಿ ನೋಡಿದ್ದಾರೋ, ಓದಿ ಕಳಿಸಿದ್ದಾರೋ?

ಹಳೇ ಎಂಜಿನ್ನಿಗೆ ಬೇಕಿರುವುದು ಶುದ್ಧ ಆಯಿಲ್, ಸರಿಯಾದ ಗ್ಯಾಪ್, ಸೋರದ ಪೈಪು, ಆಗಾಗ ಒಂದು ಓಟ. ಅದರ ಮ್ಯಾನ್ಯುಯಲ್ ಹಳೇ ಪುಸ್ತಕದಂಗಡಿಯಲ್ಲೋ ಅಂತರ್ಜಾಲದಲ್ಲೋ ಸಿಕ್ಕರೆ ಫೋನಿನಲ್ಲಿ ಇಟ್ಟುಕೊಳ್ಳಿ. ನಿಮ್ಮೂರಿನಲ್ಲಿ ಇನ್ನೂ ಹಳೇ ಗಾಡಿಯ ಕೆಲಸ ಬಲ್ಲ ಮೇಸ್ತ್ರಿ ಇದ್ದರೆ, ಅವರ ಪಕ್ಕ ಒಂದು ದಿನ ನಿಂತು ನೋಡಿ, ಅನುಮತಿ ಕೇಳಿ ವಿಡಿಯೊ ಮಾಡಿ. ಅದರಲ್ಲಿ ಗಾಡಿಯ ಹೆಸರು, ಮಾಡೆಲ್, ಅಳತೆ ಎಲ್ಲವನ್ನೂ ಹೇಳಿಸಿ. ಗ್ರೂಪಿಗೆ ಕಳಿಸುವುದಾದರೆ ಆ ವಿಡಿಯೊ ಕಳಿಸಿ.